ಹೊತ್ತು ಮುಳುಗಿದ ಮೇಲಿನ ದಾಳಿಂಬೆ

ಸಾಂಗಲಿಯ ವಿಶ್ರಾಮಬಾಗದ ಆ ಕಾಲೇಜಿನ ಯಾವ ಹಾಜರಿಯಲ್ಲೂ ನನ್ನ ಹೆಸರು ಇರಲಿಲ್ಲ. ಆದರೂ ಒಂದು ವರ್ಷದ ಹೆಚ್ಚಿನ ಭಾಗ, ವಾರಕ್ಕೆ ಮೂರು ದಿನ, ಬಿ.ಎ. ಕೊನೆಯ ವರ್ಷದ ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತೆ. ಐವತ್ತು ಸಮೀಪಿಸಿದ ಹೆಂಗಸು, ತಲೆಯ ಮೇಲೆ ಸೆರಗು, ಕಾಲ ಬಳಿ ಊಟದ ಡಬ್ಬಿಯ ಚೀಲ. ಮೊದಲ ದಿನ ಹುಡುಗರು ನಾನು ಕಸ ಗುಡಿಸಲು ಬಂದವಳೆಂದು ತಿಳಿದು ಕಾಲು ಮೇಲೆತ್ತಿಕೊಂಡರು. ಆಮೇಲಾಮೇಲೆ ‘ಕಾಕೂ’, ಅಂದರೆ ಚಿಕ್ಕಮ್ಮ, ಎಂದು ಕರೆದು ಸರಿದು ಕೂರತೊಡಗಿದರು.

ನಾನು ಅಲ್ಲಿಗೆ ಕಲಿಯಲು ಹೋದವಳಲ್ಲ. ಪಾಠವನ್ನು ಮಗಳಿಗೆ ಹೊತ್ತೊಯ್ಯಲು ಹೋದವಳು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಮಿರಜದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸಾಹಿತ್ಯದ ತರಗತಿಯೂ ಆ ಮೂರು ದಿನವೇ, ಆ ಹೊತ್ತಿಗೇ. ಹಾಜರಿಯ ವಿಷಯದಲ್ಲಿ ರಿಯಾಯಿತಿ ಕೇಳಲು ನಾನು ಸಾಹಿತ್ಯ ಕಲಿಸುವ ಮೇಡಮ್ಮನ ಬಳಿ ಹೋದಾಗ ಅವರು, ಹಾಜರಿಯನ್ನು ಹೇಗೋ ನೋಡಿಕೊಳ್ಳೋಣ, ಆದರೆ ಪಾಠದ ಗತಿ ಏನು ಎಂದು ಮರಾಠಿಯಲ್ಲಿ ಕೇಳಿದರು. ಗೆಳತಿಯರು ಟಿಪ್ಪಣಿಯ ಫೋಟೊ ಕಳಿಸುತ್ತಾರೆ ಎಂದೆ. ಟಿಪ್ಪಣಿಯಲ್ಲಿ ಎಲುಬು ಇರುತ್ತದೆ, ಕತೆ ಇರುವುದಿಲ್ಲ ಎಂದರು. ನೀವೇ ಬಂದು ಕೂರಬಾರದೇಕೆ ಎಂದು ಕೇಳಿದರು. ಇಂಗ್ಲಿಷ್ ಓದಿಸಿ ಮರಾಠಿಯಲ್ಲಿ ವಿವರಿಸುವುದು ಅವರ ಪದ್ಧತಿ. ಮರಾಠಿ ನನಗೆ ಬರುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾದೀತು ಎಂದು ಅಂಜಿಕೊಂಡೇ ಒಪ್ಪಿದೆ.

ನನ್ನ ತವರು ಗಡಿಯಾಚೆ, ಚಿಕ್ಕೋಡಿ ಕಡೆ. ಓದಿದ್ದು ಕನ್ನಡ ಶಾಲೆಯಲ್ಲಿ. ಸಮಡೋಳಿಯ ಜೈನರ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಅಡುಗೆಮನೆಯಲ್ಲಿ ಕನ್ನಡವಿತ್ತು, ಅಂಗಳದಲ್ಲಿ ಮರಾಠಿಯಿತ್ತು. ಮಗಳು ಹುಟ್ಟುವ ಹೊತ್ತಿಗೆ ಮರಾಠಿ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಮಾತಾಡಲು ಹೋದರೆ ತಡವರಿಸುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮರಾಠಿಯಲ್ಲಿ ಉತ್ತರಿಸುವುದೇ ನಮ್ಮ ಮನೆಯ ರೂಢಿಯಾಗಿತ್ತು.

ಬೆಳಿಗ್ಗೆ ನಮ್ಮ ಮನೆಯವರು ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು, ಕೃಷ್ಣೆಯ ಸೇತುವೆ ದಾಟಿ, ಸಾಂಗಲಿಯ ಮೂಲಕ ಮಿರಜಕ್ಕೆ ಹೋಗುತ್ತಿದ್ದರು. ನಾನು ಅಡುಗೆ ಮುಗಿಸಿ ಬಸ್ಸು ಹಿಡಿದು, ಅರ್ಧ ದಾರಿಯಲ್ಲಿ ವಿಶ್ರಾಮಬಾಗದಲ್ಲಿ ಇಳಿದು, ಪಾಠ ಕೇಳಿ, ಮತ್ತೆ ಆಟೊ ಹತ್ತಿ ಮಿರಜ ಸೇರುತ್ತಿದ್ದೆ. ಅವಳು ಯಂತ್ರಕ್ಕೆ ಕೈ ಕೊಟ್ಟು ಮಲಗಿರುತ್ತಿದ್ದಳು. ರಕ್ತ ಒಂದು ನಳಿಗೆಯಿಂದ ಹೋಗಿ ಇನ್ನೊಂದರಿಂದ ಬರುತ್ತಿತ್ತು. ಅದನ್ನು ನೋಡಬಾರದೆಂದು ನಾನು ಅವಳ ಮುಖವನ್ನೇ ನೋಡುತ್ತಾ, ಕಾಲೇಜಿನಲ್ಲಿ ಕೇಳಿದ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮೇಡಮ್ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಬೇಕು ಎಂಬುದು ಮಗಳ ಕಟ್ಟಳೆ. ನನ್ನ ಜಗಳ ಏನಿದ್ದರೂ ಕತೆ ಮುಗಿದ ಮೇಲೆ. ಈ ಕೆಲಸದಲ್ಲಿ ನನಗೆ ಸಣ್ಣ ಗರ್ವವೂ ಇತ್ತು: ಒಂದು ಕಾಳು ಚೆಲ್ಲದೆ ಹೊತ್ತು ತಂದಿದ್ದೇನೆ ನೋಡು ಎಂದು.

ಕನ್ನಡದಲ್ಲಿ ಹೇಳಿದರೆ ಸುತ್ತಲಿನವರಿಗೆ ತಿಳಿಯದು ಎಂಬ ನನ್ನ ಲೆಕ್ಕ ಮೊದಲ ವಾರವೇ ತಪ್ಪಾಯಿತು. ಪಕ್ಕದ ಯಂತ್ರದ ಹಾಸಿಗೆಯ ಮೇಲೆ ಅಥಣಿ ಕಡೆಯ ಒಬ್ಬ ಅಜ್ಜ ಇದ್ದ. ಮಿರಜದ ಆಸ್ಪತ್ರೆಗಳಲ್ಲಿ ನಮ್ಮ ಕಡೆಯವರಿಗೇನು ಬರವೇ? ಕಣ್ಣು ಮುಚ್ಚಿ ಮಲಗಿದ್ದವನು ಕತೆ ನಿಂತೊಡನೆ ಕಣ್ಣು ತೆರೆದು, ಮುಂದೆ ಹೇಳ್ರಿ ಎನ್ನುತ್ತಿದ್ದ. ಅಲ್ಲಿಂದ ನಾನು ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳತೊಡಗಿದೆ.

ಒಂದು ದಿನ ಮೇಡಮ್ ಸಂಕೇತ ಎಂದರೇನು ಎಂಬ ಪಾಠ ತೆಗೆದರು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಸ್ತು ಹೇಳಬೇಕು, ಅದು ಯಾವುದರ ಸಂಕೇತ ಎಂದೂ ಹೇಳಬೇಕು. ಹುಡುಗಿಯರು ದೀಪ, ಬಾಗಿಲು, ಬಳೆ ಎಂದರು. ಅರ್ಥಗಳೂ ಪುಸ್ತಕದಿಂದ ಬಂದಷ್ಟು ನಯವಾಗಿದ್ದವು. ಸರದಿ ನನ್ನವರೆಗೂ ಬಂತು. ಅರಿಶಿನ ಎಂದೆ. ಅದು ಯಾವುದರ ಸಂಕೇತ ಕಾಕೂ ಎಂದು ಮೇಡಮ್ ಕೇಳಿದರು. ನಮ್ಮ ಮನೆಯವರು ಅರಿಶಿನ ಬೆಳೆಯುತ್ತಾರೆ. ಹಂಗಾಮಿನಲ್ಲಿ ಅದು ಎಷ್ಟು ತಿಕ್ಕಿದರೂ ಬೆಳ್ಳಗಾಗದ ಅಂಗಿಗಳ ಸಂಕೇತ ಎಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಮೇಡಮ್ ನಗಲಿಲ್ಲ. ವಸ್ತು ಮೊದಲು ತಾನು ತಾನಾಗಿರಬೇಕು, ಆಮೇಲೆ ಬೇಕಾದರೆ ಇನ್ನೊಂದಾಗಲಿ ಎಂದರು. ಆ ಮಾತು ನನಗೆ ಹಿಡಿಸಿತು. ಮಿರಜಕ್ಕೆ ಹೋಗಿ ಹೇಳಿದರೆ ಅಜ್ಜ, ನಮ್ಮಲ್ಲಿ ಅರಿಶಿನಕ್ಕ ಅರ್ಥ ಇಲ್ರಿ, ರೇಟ ಅಷ್ಟ ಐತಿ ಎಂದ. ಮಗಳು ನಕ್ಕು ನಕ್ಕು ಕೈ ಅಲುಗಾಡಿಸಿ ನರ್ಸ್‌ಬಾಯಿಯ ಕೈಲಿ ಬೈಸಿಕೊಂಡಳು.

ನಗುವ ದಿನಗಳು ಹಾಗೆ ಇದ್ದವು. ಅವನ್ನು ಮರೆತು ಬರೀ ಅತ್ತದ್ದನ್ನು ಬರೆದರೆ ಅವಳು ಒಪ್ಪುತ್ತಿರಲಿಲ್ಲ.

ಆದರೆ ನನ್ನ ಮನಸ್ಸೆಲ್ಲ ಒಂದೇ ಕಡೆ ಇತ್ತು. ನನ್ನ ಕಿಡ್ನಿ ಅವಳಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ ನಡೆದಿತ್ತು. ಅವಳ ಅಪ್ಪನ ರಕ್ತದ ಗುಂಪು ಬೇರೆ, ನನ್ನದು ಅವಳದೇ. ಅಷ್ಟು ತಿಳಿದ ದಿನದಿಂದ ನಾನು ಅರ್ಧ ಗೆದ್ದವಳ ಹಾಗೆ ಓಡಾಡುತ್ತಿದ್ದೆ. ಹೆತ್ತಾಗ ಕೊಟ್ಟದ್ದು ಸಾಲದಿದ್ದರೆ ಇನ್ನೊಮ್ಮೆ ಕೊಟ್ಟರಾಯಿತು ಎಂದು ಬಸದಿಯಲ್ಲಿ ದೇವರ ಮುಂದೆಯೇ ಹೇಳಿ ಬಂದಿದ್ದೆ. ಮಗಳು ತನ್ನ ಆಸೆಯನ್ನು ಆಡಿ ತೋರಿಸುತ್ತಿರಲಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಏನೇನು ಮಾಡಬೇಕೆಂದು ಗೆಳತಿಯರಿಗೆ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡಿದ್ದೆ.

ಆ ದಿನಗಳಲ್ಲೇ ಮೇಡಮ್ ಹಲಗೆಯ ಮೇಲೆ ದೊಡ್ಡ ಚಕ್ರ ಬರೆದು ವೀರನ ಪ್ರಯಾಣದ ಪಾಠ ಮಾಡಿದರು. ವೀರ ಮನೆಯಲ್ಲಿರುತ್ತಾನೆ. ಕರೆ ಬರುತ್ತದೆ, ಮೊದಲು ಒಲ್ಲೆ ಎನ್ನುತ್ತಾನೆ, ಆಮೇಲೆ ಹೊಸ್ತಿಲು ದಾಟುತ್ತಾನೆ. ದಾರಿಯಲ್ಲಿ ಗೆಳೆಯರು, ರಾಕ್ಷಸರು. ಕಡೆಗೆ ಸತ್ತವರ ಲೋಕಕ್ಕೆ ಇಳಿದು, ಅಲ್ಲಿಂದ ಏನೋ ಒಂದನ್ನು ಗೆದ್ದುಕೊಂಡು ಮರಳಿ ಮನೆಗೆ ಬರುತ್ತಾನೆ. ಗ್ರೀಸ್ ದೇಶದ ಹಳೆಯ ಕತೆಗಳೆಲ್ಲ ಈ ಚಕ್ರದಲ್ಲಿ ಕೂರುತ್ತವಂತೆ. ಮನೆಯಿಂದ ಹೊರಟು ಮನೆಗೇ ಬರಲು ಇಷ್ಟು ರಗಳೆಯೇ ಎನ್ನಿಸಿತು. ಆದರೆ ನಾನು ಕೇಳಿದ ಪ್ರಶ್ನೆ ಬೇರೆ. ಆ ಚಕ್ರದಲ್ಲಿ ತಾಯಿ ಎಲ್ಲಿದ್ದಾಳೆ ಎಂದೆ. ಮೇಡಮ್ ಸೀಮೆಸುಣ್ಣ ಕೆಳಗಿಟ್ಟರು. ಅದಕ್ಕೆ ಬೇರೆ ಕತೆ ಬೇಕು, ಶುಕ್ರವಾರ ಹೇಳುತ್ತೇನೆ ಎಂದರು.

ಗುರುವಾರ ಡಾಕ್ಟರು ನನ್ನನ್ನೂ ನಮ್ಮ ಮನೆಯವರನ್ನೂ ಕರೆಸಿ, ನನ್ನ ಕಿಡ್ನಿ ತೆಗೆಯುವಂತಿಲ್ಲ ಎಂದರು. ಸಕ್ಕರೆ ಕಾಯಿಲೆ ನನ್ನ ಕಿಡ್ನಿಗೂ ಆಗಲೇ ಕೈ ಹಚ್ಚಿತ್ತು. ಇರುವ ಎರಡೂ ನಿಮಗೇ ಬೇಕು ತಾಯಿ ಎಂದು ಅವರು ಮೆಲ್ಲಗೆ ಹೇಳಿದರು. ಹೊರಗಿನವರ ಕಿಡ್ನಿಗೆ ಹೆಸರು ಬರೆಸಬಹುದು. ಸರದಿ ಯಾವಾಗ ಬರುತ್ತದೋ ಹೇಳಲಾಗದು. ಹೊರಗೆ ಬಂದು ಗೋಡೆಗೆ ಒರಗಿ ನಿಂತೆವು. ಕಾಲೇಜಿನ ಪರೀಕ್ಷೆ ಮುಗಿಯುವತನಕ ಅವಳಿಗೆ ಹೇಳುವುದು ಬೇಡ ಎಂದು ನಮ್ಮ ಮನೆಯವರೇ ಹೇಳಿದರು. ನಾನು ಹೂಂ ಎಂದೆ. ಇವರು ಹಾಗೆ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮರುದಿನ ಕಾಲೇಜಿಗೆ ಹೋಗಬಾರದೆಂದಿದ್ದೆ. ಹೋಗದಿದ್ದರೆ ಮಗಳು ಯಾಕೆಂದು ಕೇಳುತ್ತಾಳೆಂದು ಹೋದೆ. ಮೇಡಮ್ ತಾಯಿಯ ಕತೆ ಹೇಳಿದರು. ಆ ಗ್ರೀಕ್ ಹೆಸರುಗಳು ನನ್ನ ನಾಲಿಗೆಗೆ ಹೊರಳುವಂಥವಲ್ಲ; ನಾನು ಅವರನ್ನು ಅವ್ವ ಎಂದೂ ಮಗಳು ಎಂದೂ ಇಟ್ಟುಕೊಂಡೆ. ಅವ್ವ ಬೆಳೆಗಳ ದೇವತೆ. ಮಗಳು ಹೂ ಕೀಳುವಾಗ ಭೂಮಿ ಬಾಯಿ ತೆರೆದು, ಪಾತಾಳದ ಒಡೆಯ ಅವಳನ್ನು ಎಳೆದೊಯ್ದ. ಅವ್ವ ಊರೂರು ಹುಡುಕಿದಳು. ಸಿಗದಿದ್ದಾಗ ಸಿಟ್ಟಿನಿಂದ ಬೆಳೆಯನ್ನೇ ನಿಲ್ಲಿಸಿದಳು. ಲೋಕ ಹಸಿಯತೊಡಗಿತು. ದೇವರುಗಳು ಹೆದರಿ, ಹುಡುಗಿ ಮರಳಿ ಬರಲಿ, ಆದರೆ ಅಲ್ಲಿಯ ಅನ್ನ ಬಾಯಿಗೆ ಹಾಕಿರಬಾರದು ಎಂದರು. ಹುಡುಗಿ ಕೆಲವು ದಾಳಿಂಬೆ ಕಾಳು ತಿಂದಿದ್ದಳು. ಅದಕ್ಕೇ ಅವಳು ವರ್ಷದಲ್ಲಿ ಸ್ವಲ್ಪ ಕಾಲ ಕೆಳಗೆ, ಮಿಕ್ಕ ಕಾಲ ಮೇಲೆ ಅವ್ವನ ಜೊತೆ. ಅವಳು ಮೇಲಿರುವಾಗ ಭೂಮಿ ಹಸಿರು, ಕೆಳಗಿರುವಾಗ ಬೋಳು. ದಾಳಿಂಬೆ ಯಾವುದರ ಸಂಕೇತ ಎಂದು ಹುಡುಗಿಯರು ಬರೆದುಕೊಳ್ಳುತ್ತಿದ್ದರು. ನಾನು ಡಬ್ಬಿಯ ಚೀಲ ಎತ್ತಿಕೊಂಡು ಹೊರಗೆ ಬಂದೆ.

ದಾಳಿಂಬೆ ಎಂದರೆ ನನ್ನ ಮಗಳಿಗೆ ಪ್ರಾಣ. ಕಿಡ್ನಿ ಕೆಟ್ಟವರಿಗೆ ಅದು ವಿಷ ಎಂದು ಡಾಕ್ಟರು ಮೊದಲ ದಿನವೇ ನಿಲ್ಲಿಸಿದ್ದರು. ಆಸ್ಪತ್ರೆಯ ಬಾಗಿಲಲ್ಲೇ ಹಣ್ಣಿನ ಗಾಡಿಗಳು, ಕೆಂಪು ದಾಳಿಂಬೆಯ ರಾಶಿ. ಅವಳು ಆ ಕಡೆ ಮುಖ ಮಾಡದೆ ದಾಟುತ್ತಿದ್ದಳು.

ವಾರ್ಡಿಗೆ ಹೋಗಿ ಕತೆ ಶುರು ಮಾಡಿದೆ. ಹೂವು, ಭೂಮಿ ಬಾಯಿ ತೆರೆದದ್ದು, ಅವ್ವ ಅಲೆದದ್ದು, ಅಲ್ಲಿ ಉಂಡಿರಬಾರದೆಂಬ ದೇವರುಗಳ ಕಟ್ಟಳೆ. ಹೇಳುತ್ತಾ ಹೇಳುತ್ತಾ ಆ ಅವ್ವನ ಮೇಲೆ ಸಿಟ್ಟು ಬಂತು. ಕತೆ ಮುಗಿಯುವ ಮೊದಲೇ ಜಗಳ ತೆಗೆದೆ. ಬೆಳೆ ನಿಲ್ಲಿಸಿದಳಂತೆ, ಅತ್ತಳಂತೆ, ತಾನೇ ಯಾಕೆ ಕೆಳಗೆ ಇಳಿಯಲಿಲ್ಲ?

“ನಾನಾಗಿದ್ರ ಮಗಳ ಹಿಂದ ನಾನೂ ಹೋಗ್ತಿದ್ದೆ,” ಎಂದೆ. “ಆಕಿ ಇಲ್ಲದ ಮ್ಯಾಲ ನಾ ಮ್ಯಾಲ ಇದ್ದು ಏನ ಮಾಡ್ಲಿ?”

ಮಗಳು ನನ್ನನ್ನು ನೋಡಿದಳು. ಅಜ್ಜ ಅವಸರದಲ್ಲಿದ್ದ. ಹುಡುಗಿ ಅಲ್ಲಿ ಏನಾದರೂ ಉಂಡಳೇನು ಎಂದು ಕೇಳಿದ. ಉಂಡಳು ಎಂದು ಹೇಳಬೇಕಿತ್ತು.

ಉಣ್ಣಲಿಲ್ಲ ಎಂದೆ.

ಹೇಗೆ ಉಣ್ಣುತ್ತಾಳೆ? ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ನನ್ನ ಮಗಳೂ ಚಿಕ್ಕಂದಿನಿಂದ ಅದನ್ನು ಬಿಡದೆ ನಡೆಸಿದವಳು. ಗೆಳತಿಯರ ಮದುವೆಯಲ್ಲಿ ದೀಪ ಹಚ್ಚಿದ ಮೇಲೆ ಬಡಿಸಿದರೆ ಖಾಲಿ ಕೈಯಲ್ಲಿ ನಿಂತು ಹರಟೆ ಹೊಡೆದು ಬರುವವಳು. ನಾನು ಅದನ್ನೇ ಕತೆಗೆ ಹಚ್ಚಿದೆ. ಪಾತಾಳದಲ್ಲಿ ಹೊತ್ತು ಹುಟ್ಟುವುದೇ ಇಲ್ಲ. ಹೊತ್ತಿಲ್ಲದ ಕಡೆ ಒಳ್ಳೆಯ ಮನೆಯ ಹುಡುಗಿ ಊಟ ಮಾಡುವುದುಂಟೇ? ಒಡೆಯ ದಾಳಿಂಬೆ ಒಡೆದು ಮುಂದಿಟ್ಟ, ಅವಳು ಮುಟ್ಟಲಿಲ್ಲ. ಹಸಿದುಕೊಂಡೇ ಇದ್ದಳು. ಅದಕ್ಕೇ ಇಡಿಯಾಗಿ ಮರಳಿ ಬಂದಳು, ಮತ್ತೆ ಹೋಗಲಿಲ್ಲ.

“ಬರೋಬ್ಬರಿ ಐತ್ರಿ,” ಎಂದ ಅಜ್ಜ. “ಹೊತ್ತ ಇಲ್ಲಂದ ಮ್ಯಾಲ ಹೆಂಗ ಉಣಬೇಕು?” ಅವನು ಲಿಂಗಾಯತ, ಇರುಳಿನಲ್ಲಿ ಉಂಡೇ ಬೆಳೆದವನು. ಆದರೂ ಕತೆ ಹಾಗೆ ಮುಗಿದದ್ದು ಅವನಿಗೆ ಬೇಕಾಗಿತ್ತು.

ಮಗಳು, ಕತೆ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಿ ಕಣ್ಣು ಮುಚ್ಚಿದಳು. ಆ ಸುಳ್ಳಿಗೆ ನಾನು ಇವತ್ತಿಗೂ ಮರುಗುವುದಿಲ್ಲ. ಬಾಯಿಗೆ ಬಂದದ್ದು ಅದೊಂದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಯಂತ್ರಕ್ಕೆ ಬೇರೊಬ್ಬರು ಬಂದರು. ಅಜ್ಜನ ಬಗ್ಗೆ ನಾವಿಬ್ಬರೂ ಯಾರನ್ನೂ ಕೇಳಲಿಲ್ಲ. ಕತೆ ಹೇಳುವಾಗ ನನ್ನ ದನಿ ತಾನೇ ಸಣ್ಣದಾಯಿತು.

ಆ ವರ್ಷ ತಡವಾಗಿ, ಮಳೆಗಾಲದ ಬೆನ್ನಿಗೆ ನಡೆದ ಪರೀಕ್ಷೆಯನ್ನು ಮಗಳು ಬರೆದಳು. ಡಯಾಲಿಸಿಸ್ ಇಲ್ಲದ ದಿನಗಳಿಗೇ ಪೇಪರುಗಳು ಬಂದಿದ್ದವು. ಬರೆಯುವಾಗ ಎಡಗೈಯ ಮೇಲೆ ಸೂಜಿ ಚುಚ್ಚಿ ಚುಚ್ಚಿ ಎದ್ದ ಗುಬುಟುಗಳನ್ನು ಓಢಣಿಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಸಾಹಿತ್ಯದ ಪೇಪರು ಮುಗಿಸಿ ಕಾಲೇಜಿನ ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಆ ಅವ್ವ–ಮಗಳ ಕತೆಯ ಮೇಲೆ ಪ್ರಶ್ನೆ ಬಂದಿತ್ತು ಎಂದಳು. ನಾನು ಹೇಳಿದ್ದನ್ನೇ ಬರೆದಿದ್ದರೆ ಅಂಕ ಹೋದವಲ್ಲ! ಏನು ಬರೆದೆ ಎಂದೆ. ಆಗ ಅವಳು ಕನ್ನಡದಲ್ಲಿ ಮಾತಾಡಿದಳು. ಮಾತು ಹುಡುಕುತ್ತಾ, ನಡುನಡುವೆ ನಿಂತು.

“ಆಕಿ ತಿಂದಾಳಂತ ಬರದೇನಿ ಅವ್ವಾ. ಪುಸ್ತಕದಾಗ ಐತಿ. ನೀ ಹೇಳೂಕಿಂತ ಮದಲ ಓದಿದ್ದೆ.”

ಮತ್ತೆ ಆವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ನೀ ಎಂದೂ ಕತಿ ಬದಲ ಮಾಡಾಕಿ ಅಲ್ಲ. ಆವತ್ತ ಮಾಡಿದಿ. ನಿನ್ನ ಕಿಡ್ನಿ ನನಗ ಆಗೂದಿಲ್ಲಂತ ಆವತ್ತ ತಿಳೀತು.”

ರಸ್ತೆಯಲ್ಲಿ ಸಾಂಗಲಿ–ಮಿರಜ ಬಸ್ಸುಗಳು ಹೋಗುತ್ತಿದ್ದವು. ನಾವು ಹತ್ತಬೇಕಾದ ಬಸ್ಸೂ ಬಂದು ಹೋಯಿತು. ಅಷ್ಟು ತಿಂಗಳು ನಾವು ಮುಚ್ಚಿಟ್ಟಿದ್ದೇವೆಂದುಕೊಂಡದ್ದನ್ನು ಅವಳೇ ನಮ್ಮಿಂದ ಮುಚ್ಚಿಟ್ಟುಕೊಂಡು, ಓದಿ, ಪರೀಕ್ಷೆ ಬರೆದಿದ್ದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವಳು ನನ್ನ ಬೆನ್ನು ಸವರುತ್ತಾ, ಮಗುವಿಗೆ ಹೇಳಿದಂತೆ ಹೇಳಿದಳು: ಆ ಹುಡುಗಿ ತಿಂದರೂ ಅವ್ವನ ಹತ್ತಿರ ಬರುತ್ತಾಳಲ್ಲ, ವರ್ಷ ವರ್ಷವೂ ಬರುತ್ತಾಳಲ್ಲ, ತಾನೂ ಹಾಗೆಯೇ ಇದ್ದೇನಲ್ಲ, ವಾರದಲ್ಲಿ ಮೂರು ದಿನ ಯಂತ್ರಕ್ಕೆ, ಮಿಕ್ಕದ್ದು ನಿನಗೆ, ಇಷ್ಟು ದಿನ ನಡೆಯಲಿಲ್ಲವೇ? ನಡೆಯಿತು ಎಂದೆ. ಹಾಗೆಯೇ ನಡೆದರೆ ಸಾಕು ಎಂದು ನಾನೂ ಆಸೆ ಕಿರಿದು ಮಾಡಿಕೊಂಡೆ.

ಅದೂ ನಡೆಯಲಿಲ್ಲ. ಚಳಿಗಾಲದಲ್ಲಿ ಸೋಂಕು ತಗುಲಿತು. ಹೃದಯ ಸೋತಿತು, ಯಂತ್ರಕ್ಕೆ ಹಾಕಿದೊಡನೆ ರಕ್ತದೊತ್ತಡ ಕುಸಿಯತೊಡಗಿತು. ಇನ್ನು ಯಂತ್ರ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಬೇಕಾದದ್ದು ಕೊಡಿ ಎಂದರು ಡಾಕ್ಟರು. ಬೇಕಾದದ್ದು ಕೊಡಿ ಎಂದರೆ ಅರ್ಥವೇನೆಂದು ಯಾವ ಮೇಡಮ್ಮೂ ವಿವರಿಸಬೇಕಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವಳು ಮೊದಲ ಬಾರಿ ಹಣ್ಣಿನ ಗಾಡಿಯ ಕಡೆ ಮುಖ ತಿರುಗಿಸಿದಳು. ಅವಳ ಅಪ್ಪ ಹೋಗಿ ದೊಡ್ಡದೊಂದು ದಾಳಿಂಬೆ ಆರಿಸಿ ತಂದರು.

ಸಮಡೋಳಿ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಪಡಸಾಲೆಯಲ್ಲಿ ಹಾಸಿ ಮಲಗಿಸಿದೆವು. ನಿದ್ದೆ ಹತ್ತಿತು. ನಮ್ಮ ಮನೆಯವರು ಹೊತ್ತಿರುವಾಗಲೇ ಎರಡು ತುತ್ತು ಉಂಡು, ನೀನೂ ಉಣ್ಣು ಎಂದರು. ನಾನು ಒಲ್ಲೆ ಎಂದೆ. ಅವಳಿಗೆ ಎಚ್ಚರವಾಗುವಾಗ ಹೊತ್ತು ಕಬ್ಬಿನ ಗದ್ದೆಯಾಚೆ ಇಳಿದುಹೋಗಿತ್ತು, ಅಂಗಳದಲ್ಲಿ ಬರೀ ಬೆಳಕಿನ ಉಳಿಕೆ ಇತ್ತು. ಅವಳು ದಾಳಿಂಬೆ ಕೇಳಿದಳು.

“ಹೊತ್ತ ಮುಳುಗೇತಿ ಮಗಾ,” ಎಂದೆ. “ಮುಂಜಾನೆ ಕೊಡ್ತೇನಿ.”

ಈಗಲೇ ಬೇಕು ಎಂದಳು. ಹುಟ್ಟಿದಾಗಿನಿಂದ ನಡೆಸಿದ ನೇಮವನ್ನು ಇಂದು ಯಾಕೆ ಮುರಿಯುತ್ತೀ ಎಂದು ನಾನು ಕೇಳಲಿಲ್ಲ. ಮುಂಜಾನೆಯ ಮೇಲೆ ನನಗೂ ನಂಬಿಕೆ ಇರಲಿಲ್ಲ. ಹಣ್ಣು ಒಡೆದು ಕಾಳು ಬಿಡಿಸಿ ತಾಟಿನಲ್ಲಿ ಹಾಕಿಕೊಂಡು ಅವಳ ಪಕ್ಕ ಕೂತೆ. ಒಂದೊಂದಾಗಿ ಬಾಯಿಗಿಟ್ಟೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಎಷ್ಟು ವರ್ಷದ ಮೇಲೆ ತಿನ್ನುತ್ತಿದ್ದಳೋ, ರಸ ತುಟಿಯಿಂದ ಗದ್ದಕ್ಕೆ ಇಳಿಯಿತು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ಕೆಲವು ಕಾಳು ತಿಂದು ಸಾಕೆಂದಳು.

ತಾಟು ನನ್ನ ತೊಡೆಯ ಮೇಲೆಯೇ ಇತ್ತು. ನನಗೆ ಹಸಿವು ಇರಲಿಲ್ಲ. ಆ ಗ್ರೀಸ್ ದೇಶದ ಅವ್ವನ ಹಾಗೆ ಮೇಲೆ ಕೂತು ಅಳುವುದು ನನ್ನಿಂದಾಗದು ಎಂಬುದಷ್ಟೇ ಮನಸ್ಸಿನಲ್ಲಿತ್ತು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. ನೀರಿನ ಲೋಟ ಎತ್ತಲೂ ಆಗದ ಕೈಗೆ ಆ ಬಲ ಎಲ್ಲಿಂದ ಬಂತೋ.

“ನೀ ತಿನಬ್ಯಾಡ ಅವ್ವಾ. ಹೊತ್ತ ಮುಳುಗೇತಿ. ನೀ ಮ್ಯಾಲ ಇರು. ನಾ ಬಂದ್ರ ಮನ್ಯಾಗ ಯಾರರೆ ಇರಬೇಕಲ್ಲ?”

ತಡವರಿಸದೆ ಹೇಳಿದಳು. ಅಷ್ಟು ಸರಾಗವಾದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾನು ಕಾಳುಗಳನ್ನು ತಾಟಿಗೆ ಹಾಕಿದೆ. ನಮ್ಮ ಮನೆಯವರು ಎದ್ದು ಅಂಗಳಕ್ಕೆ ಹೋದರು.

ಎರಡು ದಿನ ಬಿಟ್ಟು, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಹೋದಳು. ಫಲಿತಾಂಶ ಆಮೇಲೆ ಬಂತು, ಪಾಸಾಗಿದ್ದಳು. ಮೇಡಮ್ ಮನೆಗೆ ಬಂದು ನನ್ನ ಕೈ ಹಿಡಿದು ಕೂತು, ಬೆಂಚು ಅಲ್ಲೇ ಇದೆ, ಯಾವಾಗ ಬೇಕಾದರೂ ಬನ್ನಿ ಎಂದು ಹೇಳಿ ಹೋದರು. ನಾನು ಇನ್ನೂ ಹೋಗಿಲ್ಲ.

ಈಗ ಸಂಜೆಯಾಗುತ್ತಿದ್ದಂತೆ, ಹಸಿವಿರಲಿ ಇಲ್ಲದಿರಲಿ, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತೇನೆ. ಸಕ್ಕರೆಯ ಗುಳಿಗೆ ತಪ್ಪಿಸುವುದಿಲ್ಲ. ಕಬ್ಬು ಕಡಿದಾಯಿತು, ಕಡಿದ ಬುಡದಿಂದ ಕೂಳೆ ಚಿಗುರಿತು, ಅರಿಶಿನ ಕಿತ್ತಾಯಿತು. ನಮ್ಮ ಹೊಲ ಹಸಿರಾಗಲು ಯಾರಿಗೂ ಕಾಯಲಿಲ್ಲ. ಸಂಜೆ ಊಟ ಮುಗಿಸಿ ಅಂಗಳದ ಕಟ್ಟೆಯ ಮೇಲೆ ಸೇತುವೆಯ ಕಡೆಯ ದಾರಿ ನೋಡುತ್ತಾ ಕೂರುತ್ತೇನೆ. ಅವಳು ಹೇಳಿದ ಹಾಗೆ ನಾನು ಮೇಲೆಯೇ ಇದ್ದೇನೆ. ಅವಳು ಇನ್ನೂ ಬಂದಿಲ್ಲ.